ಸಿಮ್ ಇಲ್ಲದ ಐಪಾಡ್

ಪಿಯುಸಿ ಮುಗಿಯುವವರೆಗೆ ಫೋನ್ ಬೇಡವೆಂದ ಅಬ್ಬಾ, ಬಳಸಿದ ಐಪಾಡ್ ಟಚ್ ಒಂದನ್ನು ಕೊಡಿಸಿದರು. ಇದಕ್ಕೆ ಸಿಮ್ ಇಲ್ಲ, ಮೆಮೊರಿ ಕಾರ್ಡೂ ಹಾಕಲಾಗದು. ಹಾಗಾಗಿ ಕೊಳ್ಳುವಾಗಲೇ ಜಿಬಿ ನೋಡಿಕೊಳ್ಳಿ. ನನ್ನದು 32 ಜಿಬಿ. 128 ಕೆಬಿಪಿಎಸ್ ಎಂಪಿ3 ನಿಮಿಷಕ್ಕೆ ಸುಮಾರು 1 ಎಂಬಿ. ಒಂದು ಗಂಟೆಯ ಅಕೌಂಟೆನ್ಸಿ ಪಾಠಕ್ಕೆ 60 ಎಂಬಿ ಸಾಕು. ವಿಡಿಯೊಗೆ ಇದರ ಹಲವು ಪಟ್ಟು ಬೇಕು.

2022ರಲ್ಲಿ ಆಪಲ್ ಇದನ್ನು ನಿಲ್ಲಿಸಿತು. 2019ರ ಮಾದರಿಯನ್ನೇ ಕೇಳಿ. ಅದು ಐಓಎಸ್ 15ರವರೆಗೆ ಬರುತ್ತದೆ, ಹಿಂದಿನದು 12ಕ್ಕೇ ನಿಂತಿದೆ. ಬ್ಯಾಟರಿ ಹಳೆಯದಿರುತ್ತದೆ, ಅಂಗಡಿಯಲ್ಲೇ ಅರ್ಧ ಗಂಟೆ ವಿಡಿಯೊ ಓಡಿಸಿ ನೋಡಿ. ಹಿಂದಿನವರ ಆಪಲ್ ಐಡಿ ತೆಗೆಸದೆ ದುಡ್ಡು ಕೊಡಬೇಡಿ.

ಗೆಳೆಯನ ಕಂಪ್ಯೂಟರಿಗೆ ಸಿಕ್ಕಿಸಿದಾಗ, ಇರುವುದನ್ನು ಅಳಿಸಿ ಹೊಸದಾಗಿ ತುಂಬಲೇ ಎಂದು ಐಟ್ಯೂನ್ಸ್ ಕೇಳಿತು. ಓದದೆ ಒತ್ತಿಬಿಟ್ಟೆ. ಪಾಠಗಳು ಮತ್ತೆ ಸಿಕ್ಕವು. ತೀರಿಹೋದ ದಾದಿ ಹೇಳಿದ್ದ ಕಥೆಯ ರೆಕಾರ್ಡಿಂಗ್ ಮಾತ್ರ ಇನ್ನೆಲ್ಲೂ ಇರಲಿಲ್ಲ. ಈಗ ಏನು ಹಾಕಿದರೂ ಅಮ್ಮಿಯ ಫೋನಿನಲ್ಲಿ ಒಂದು ಪ್ರತಿ ಇಡುತ್ತೇನೆ.