ಬೈಸಿಕಲ್ಲಿನ ಮೇಲೆ ಎರಡು ದಿನಗಳ ಸುತ್ತುಪ್ರಯಾಣ: ಅದರ ಸಿದ್ಧತೆಯ ಕ್ರಮ

ಶಾಲೆಯನ್ನು ಮುಗಿಸಿದ ಹೆಣ್ಣುಮಕ್ಕಳು ನಾಲ್ಕಾರು ಮಂದಿ ಜೊತೆಗೂಡಿ ಬೈಸಿಕಲ್ಲಿನ ಮೇಲೆ ದೂರಪ್ರಯಾಣ ಮಾಡಬೇಕೆಂದು ಅಪೇಕ್ಷಿಸುವುದೂ, ತಾಯಿತಂದೆಗಳು ಅದಕ್ಕೆ ಹಿಂಜರಿಯುವುದೂ ಈಗ ಅನೇಕ ಮನೆಗಳಲ್ಲಿ ಕಂಡುಬರುವ ಸಂಗತಿ. ಎರಡು ಪಕ್ಷಗಳಲ್ಲಿಯೂ ನ್ಯಾಯವುಂಟು. 2006-07ನೆಯ ಸಾಲಿನಲ್ಲಿ ನಮ್ಮ ಸರಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲುಗಳನ್ನು ಕೊಡಲಾರಂಭಿಸಿದಾಗ, ಹಳ್ಳಿಯ ಹುಡುಗಿಗೆ ಶಾಲೆಯ ದಾರಿ ಹತ್ತಿರವಾಯಿತು. ಆ ದಾರಿಯನ್ನು ಇನ್ನೂ ಮುಂದಕ್ಕೆ ಒಯ್ಯಬಾರದೇಕೆ ಎಂದು ಮಗಳು ಕೇಳಿದರೆ, ಬೇಡವೆಂಬ ಒಂದೇ ಮಾತು ಉತ್ತರವಾಗಲಾರದು. ಹೋಗಿಬರುತ್ತೇನೆಂಬ ಒಂದೇ ಮಾತು ತಾಯಿಗೆ ಧೈರ್ಯವನ್ನೂ ಕೊಡಲಾರದು. ಗೋಪುರವನ್ನು ಕಟ್ಟಹೊರಟವನು ಮೊದಲು ವೆಚ್ಚದ ಲೆಕ್ಕ ಹಾಕಬೇಕೆಂಬ ಸುವಾರ್ತೆಯ ಸಾಮ್ಯವು ಇಲ್ಲಿಯೂ ಸಲ್ಲುತ್ತದೆ. ಆ ಲೆಕ್ಕವನ್ನು ಹೇಗೆ ಹಾಕಬೇಕೆಂಬುದನ್ನು ಒಂದು ಮಾರ್ಗದ ನಿದರ್ಶನದಿಂದ ವಿವರಿಸುತ್ತೇವೆ.

ಮೈಸೂರಿನಿಂದ ಶ್ರೀರಂಗಪಟ್ಟಣ, ಪಾಂಡವಪುರ, ಮೇಲುಕೋಟೆಗಳ ಮೇಲೆ ಶ್ರವಣಬೆಳಗೊಳಕ್ಕೆ ಹೋಗಿ, ಮರುದಿನ ಕಿಕ್ಕೇರಿ, ಕೃಷ್ಣರಾಜಪೇಟೆ, ಕೃಷ್ಣರಾಜಸಾಗರಗಳ ಮಾರ್ಗವಾಗಿ ಹಿಂದಿರುಗುವುದು ನಾವು ಆರಿಸಿಕೊಂಡಿರುವ ಸುತ್ತು. ಇದರ ಒಟ್ಟು ದೂರವು ಸುಮಾರು 175 ಕಿಲೋಮೀಟರು. ಮೇಲುಕೋಟೆಯ ಏರು ಇದರಲ್ಲಿ ಅತಿ ಕಠಿನವಾದ ಭಾಗ. ಮೊದಲ ದಿನ, ಕಾಲುಗಳಲ್ಲಿ ಶಕ್ತಿಯಿರುವಾಗಲೇ ಅದನ್ನು ದಾಟುವುದು ಲೇಸು. ಡಿಸೆಂಬರ್ ತಿಂಗಳಲ್ಲಿ ಗಾಳಿಯು ಹೆಚ್ಚಾಗಿ ಈಶಾನ್ಯದಿಂದ ಬೀಸುವುದರಿಂದ, ಉತ್ತರಕ್ಕೆ ಹೋಗುವಾಗ ಅದು ಎದುರಾದರೂ ದಣಿದು ಮರಳುವಾಗ ಬೆನ್ನಿಗೆ ಆಸರೆಯಾಗುತ್ತದೆ.

ಇನ್ನು ಹೊತ್ತಿನ ಲೆಕ್ಕ. ಮೇಲುಕೋಟೆಗೆ 51 ಕಿಲೋಮೀಟರು, ಅಲ್ಲಿಂದ ಬೆಳಗೊಳಕ್ಕೆ ಸುಮಾರು 36, ಒಟ್ಟು 87. ಏರಿಳಿತಗಳನ್ನು ಸೇರಿಸಿ ಗಂಟೆಗೆ 12 ಕಿಲೋಮೀಟರೆಂದು ಎಣಿಸಿದರೆ ಏಳೂಕಾಲು ಗಂಟೆ, ಊಟವಿಶ್ರಾಂತಿಗಳಿಗೆ ಎರಡೂವರೆ ಗಂಟೆ. ಬೆಳಕು ಹರಿದೊಡನೆ ಆರೂವರೆಗೆ ಹೊರಟವರು ಸಂಜೆ ನಾಲ್ಕೂಕಾಲರ ಸುಮಾರಿಗೆ ತಲುಪುವರು. ಕತ್ತಲಾಗುವುದಕ್ಕೆ ಇನ್ನೂ ಒಂದೂವರೆ ಗಂಟೆಗೂ ಹೆಚ್ಚು ಅವಕಾಶವಿರುತ್ತದೆ. ಆದರೆ ಮಧ್ಯಾಹ್ನ ಒಂದು ಗಂಟೆಯಾದರೂ ಮೇಲುಕೋಟೆ ಸಿಕ್ಕದಿದ್ದರೆ ಮುಂದುವರಿಯದೆ ಅಲ್ಲಿಯೇ ತಂಗತಕ್ಕದ್ದು. ಈ ನಿಯಮವನ್ನು ಮನೆಯಲ್ಲಿಯೇ ಬರೆದಿಟ್ಟುಕೊಳ್ಳಬೇಕು. ದಾರಿಯಲ್ಲಿ ಉತ್ಸಾಹವಿರುವಾಗ ವಿವೇಕವನ್ನು ಹುಡುಕಿದರೆ ಸಿಕ್ಕುವುದಿಲ್ಲ.

ಶ್ರೀರಂಗಪಟ್ಟಣದವರೆಗೆ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥವನ್ನು ಹಿಡಿಯಕೂಡದು. 2023ರ ಆಗಸ್ಟ್ 1ರಿಂದ ಅಲ್ಲಿ ದ್ವಿಚಕ್ರವಾಹನಗಳನ್ನೂ ಯಂತ್ರವಿಲ್ಲದ ವಾಹನಗಳನ್ನೂ ನಿಷೇಧಿಸಲಾಯಿತು. ಪಕ್ಕದ ಸರ್ವಿಸ್ ರಸ್ತೆಯೇ ನಮ್ಮ ದಾರಿ. ಮಂಡ್ಯದ ಸೀಮೆಯಲ್ಲಿ ಕಬ್ಬು ತುಂಬಿದ ಟ್ರಾಕ್ಟರುಗಳು ಹಿಂದೀಪವಿಲ್ಲದೆ ಸಾಗುವುದುಂಟು. ಸಂಜೆಯ ಮಬ್ಬಿನಲ್ಲಿ ರಸ್ತೆಯ ಮೇಲಿರಬಾರದೆನ್ನುವುದಕ್ಕೆ ಇದೂ ಒಂದು ಕಾರಣ.

ದಾರಿಯುದ್ದಕ್ಕೂ ನೋಡತಕ್ಕವು ಬಹಳ. ಶ್ರೀರಂಗಪಟ್ಟಣದಲ್ಲಿ 1799ರ ಯುದ್ಧದ ಕೋಟೆಯುಂಟು. ಆ ಯುದ್ಧದ ತರುವಾಯ ಅಲ್ಲಿಗೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ಡುಬಾಯ್ ಅವರು ಸಿಡುಬನ್ನು ತಡೆಯಲು ದೇವಿ ಹಾಕಿಸುವ ಕಾರ್ಯದಲ್ಲಿ ಶ್ರಮಿಸಿದರು. ಮೇಲುಕೋಟೆಯು ರಾಮಾನುಜಾಚಾರ್ಯರು ನೆಲೆಸಿದ್ದ ಕ್ಷೇತ್ರ. ಬೆಳಗೊಳದಲ್ಲಿ ಚಾವುಂಡರಾಯನು ಹತ್ತನೆಯ ಶತಮಾನದ ಕೊನೆಯಲ್ಲಿ ನಿಲ್ಲಿಸಿದ, ಸುಮಾರು 57 ಅಡಿ ಎತ್ತರದ ಗೊಮ್ಮಟನಿದ್ದಾನೆ. ಅಲ್ಲಿಗೆ ಬರಿಗಾಲಿನಲ್ಲಿ ಆರುನೂರಕ್ಕೂ ಮೇಲ್ಪಟ್ಟ ಮೆಟ್ಟಿಲುಗಳನ್ನು ಹತ್ತಬೇಕು. ದಣಿದ ಸಂಜೆ ಅದಕ್ಕೆ ತಕ್ಕುದಲ್ಲ, ಮರುದಿನದ ಮುಂಜಾವವನ್ನು ಅದಕ್ಕಾಗಿ ಮೀಸಲಿಡಬೇಕು. ಎಂಟೂವರೆಗೆ ಹೊರಟರೆ ಉಳಿದ ದೂರವನ್ನು ಹೊತ್ತಿಳಿಯುವುದರೊಳಗೆ ಮುಗಿಸಬಹುದು. ಆ ದಾರಿಯಲ್ಲಿ ಕಿಕ್ಕೇರಿಯ ಬ್ರಹ್ಮೇಶ್ವರ (1171), ಹೊಸಹೊಳಲಿನ ಲಕ್ಷ್ಮೀನಾರಾಯಣ (1250) ದೇವಾಲಯಗಳು ಹೊಯ್ಸಳರ ಶಿಲ್ಪಕ್ಕೆ ಸಾಕ್ಷಿಗಳಾಗಿವೆ. ಕೊನೆಗೆ, 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿಯ ಅಣೆಕಟ್ಟು ದೊರೆಯುತ್ತದೆ. ಎಲ್ಲವನ್ನೂ ನೋಡುವೆವೆಂದರೆ ಯಾವುದನ್ನೂ ನೋಡಿದಂತಾಗದು. ದಿನಕ್ಕೆ ಎರಡು ಸ್ಥಳಗಳನ್ನು ಆರಿಸಿ, ಅವನ್ನು ಸಾವಧಾನವಾಗಿ ನೋಡುವುದು ಉಚಿತ.

ಹೆಣ್ಣುಮಕ್ಕಳ ವಿಷಯದಲ್ಲಿ ಯಾರೂ ಬಾಯಿಬಿಟ್ಟು ಹೇಳದ ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ದಾರಿಯಲ್ಲಿ ಶೌಚಾಲಯ ಸಿಕ್ಕದೆಂಬ ಭಯದಿಂದ ಅವರು ನೀರನ್ನೇ ಕುಡಿಯುವುದಿಲ್ಲ. ಬಿಸಿಲಿನಲ್ಲಿ ದುಡಿಯುವ ದೇಹಕ್ಕೆ ಇದರಿಂದ ತಲೆಸುತ್ತು, ಸ್ನಾಯುಸೆಳೆತ, ಮೂತ್ರಸಂಬಂಧವಾದ ರೋಗಗಳು ಉಂಟಾಗಬಹುದು. ಆದಕಾರಣ ಪಾಂಡವಪುರ, ಮೇಲುಕೋಟೆ, ಕೃಷ್ಣರಾಜಪೇಟೆ ಮೊದಲಾದ ಊರುಗಳಲ್ಲಿ ಎಲ್ಲೆಲ್ಲಿ ನಿಲ್ಲುವುದೆಂದು ಮೊದಲೇ ವಿಚಾರಿಸಿ ಗುರುತು ಹಾಕಿಕೊಂಡು, ಬಾಯಾರಿಕೆಗೆ ಕಾಯದೆ ಆಗಾಗ ನೀರು ಕುಡಿಯತಕ್ಕದ್ದು. ಬಾಳೆಹಣ್ಣು, ಕಡಲೆಕಾಯಿ, ಬೆಲ್ಲ, ರಾಗಿಯ ರೊಟ್ಟಿ ದಾರಿಗೆ ಉತ್ತಮವಾದ ಬುತ್ತಿ.

ಎರಡು ತಿಂಗಳ ಮುಂಚಿನಿಂದಲೇ 20, 40, 60 ಕಿಲೋಮೀಟರುಗಳ ಅಭ್ಯಾಸವನ್ನು ಕ್ರಮವಾಗಿ ಮಾಡಬೇಕು. ಏರಿನ ಅಭ್ಯಾಸಕ್ಕೆ ಚಾಮುಂಡಿ ಬೆಟ್ಟದ ರಸ್ತೆಯಿದೆ. ಏರು ಬಂದಮೇಲೆ ಗೇರನ್ನು ಹುಡುಕದೆ, ಬರುವುದಕ್ಕೆ ಮೊದಲೇ ಹಗುರವಾದ ಗೇರಿಗೆ ಇಳಿಸಬೇಕು. ಇಳಿಜಾರಿನಲ್ಲಿ ಎರಡು ಬ್ರೇಕುಗಳನ್ನೂ ಒಟ್ಟಿಗೆ, ಮೆಲ್ಲನೆ ಹಿಡಿಯಬೇಕು. ಹೆಲ್ಮೆಟ್, ಬದಲಿ ಟ್ಯೂಬು, ಪಂಪು, ದೀಪ ಇವು ಜೊತೆಗಿರಲೇಬೇಕು. ಪಂಕ್ಚರನ್ನು ಸ್ವತಃ ತಿದ್ದಲು ಬಾರದವಳು ಇನ್ನೂ ಹೊರಡಲು ಸಿದ್ಧಳಲ್ಲ.

ಕೊನೆಯದಾಗಿ, ಊರುಗಳ ಹೆಸರು, ತಲುಪುವ ಹೊತ್ತು, ತಂಗುವ ಸ್ಥಳ, ಹಿಂದಿರುಗುವ ನಿಯಮ ಇವೆಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಮನೆಯಲ್ಲಿ ಕೊಟ್ಟು ಹೋಗತಕ್ಕದ್ದು. ಪಾಂಡವಪುರದಲ್ಲಿಯೂ ಶ್ರವಣಬೆಳಗೊಳದಲ್ಲಿಯೂ ರೈಲುನಿಲ್ದಾಣಗಳಿರುವುದರಿಂದ, ಒಬ್ಬಳಿಗೆ ಅಸ್ವಸ್ಥವಾದರೆ ಜೊತೆಗೊಬ್ಬಳೊಡನೆ ಮರಳಲು ಉಪಾಯವಿದೆ ಎಂಬುದನ್ನೂ ಅದರಲ್ಲಿ ಸೇರಿಸಬೇಕು. ತಾಯಿತಂದೆಗಳಲ್ಲಿ ನಮ್ಮ ಬಿನ್ನಹವಿಷ್ಟೆ: ಮಗಳ ಆಸೆಯನ್ನಲ್ಲ, ಆ ಹಾಳೆಯನ್ನು ಪರೀಕ್ಷಿಸಿರಿ. ಅದರಲ್ಲಿ ತಪ್ಪಿದ್ದರೆ ತಿದ್ದಲು ಹೇಳಿರಿ. ಎಲ್ಲಿ ನಿಲ್ಲಬೇಕು, ಯಾವಾಗ ಹಿಂದಿರುಗಬೇಕು ಎಂಬುದನ್ನು ತಾನೇ ಆಲೋಚಿಸಿ ಬರೆದ ಹುಡುಗಿಯನ್ನು ಕಳುಹಿಸಲು ಅಂಜಬೇಕಾದುದಿಲ್ಲ. ಅಂಥ ಲೆಕ್ಕವನ್ನು ಹಾಕಬಲ್ಲವಳಾಗಲೆಂದೇ ತಾವು ಅವಳನ್ನು ಶಾಲೆಗೆ ಕಳುಹಿಸಿದಿರಿ.