ಆಲಿಕಲ್ಲಿನ ದಿನ

ಹಿಮವೆಂಬುದು ನಮ್ಮ ಸೀಮೆಯವರಿಗೆ ಕಾವ್ಯಗಳಲ್ಲಿ ಮಾತ್ರ ದೊರೆಯುವ ವಸ್ತು. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ನಾವು ಪಾಠಶಾಲೆಯಲ್ಲಿ ಕಾಳಿದಾಸನ ಕುಮಾರಸಂಭವದ ಹಿಮಾಲಯವರ್ಣನೆಯನ್ನು ಹೇಳಿಕೊಟ್ಟೆವು. ಹಿಮವು ಆ ಪರ್ವತರಾಜನ ಸೊಬಗನ್ನು ಕುಂದಿಸಲಾರದೆಂಬ ಕವಿಯ ಅಭಿಪ್ರಾಯವನ್ನು ಬಗೆಬಗೆಯಾಗಿ ವಿವರಿಸಿದೆವು. ಆದರೆ ಹೇಳಿದ ನಾವಾಗಲಿ, ಕೇಳಿದ ಮಕ್ಕಳಾಗಲಿ ಹಿಮವನ್ನು ಕಣ್ಣಾರೆ ಕಂಡವರಲ್ಲ. ಹಂದನಕೆರೆಯ ತೆಂಗಿನ ತೋಟಗಳ ನಡುವೆ ಬಾಳುವವರಿಗೆ ಮಾಗಿಯ ಮುಂಜಾವಿನ ಇಬ್ಬನಿಯೇ ಚಳಿಯ ಮೇರೆ. ವೇದಕಾಲದ ಋಷಿಗಳಾದರೋ ಆಯುಸ್ಸನ್ನು ಬೇಡುವಾಗ ವರ್ಷಗಳನ್ನು ಹಿಮಗಳೆಂದೇ ಎಣಿಸಿದರು. ಅವರ ಲೆಕ್ಕದಂತೆ ನಮಗೆ ಅರುವತ್ತು ಹಿಮಗಳು ಸಂದರೂ ಅವುಗಳಲ್ಲಿ ಒಂದನ್ನೂ ನಾವು ಮುಟ್ಟಿ ನೋಡಿರಲಿಲ್ಲ.

ಈ ಕೊರತೆಯನ್ನು ಕಳೆದ ಬೇಸಿಗೆಯ ಭರಣಿಮಳೆಯು ಒಂದು ಮಧ್ಯಾಹ್ನ ತನ್ನದೇ ರೀತಿಯಲ್ಲಿ ನೀಗಿಸಿತು. ರಜೆಯ ದಿನಗಳಾದುದರಿಂದ ಮೊಮ್ಮಕ್ಕಳು ಮನೆಗೆ ಬಂದಿದ್ದರು. ಹಿಂದೆ ನಮ್ಮೊಡನೆ ಉಪಾಧ್ಯಾಯರಾಗಿದ್ದ ಒಬ್ಬ ಕ್ರೈಸ್ತ ಮಿತ್ರರೂ ತುಮಕೂರಿನಿಂದ ಬಂದು ನಮ್ಮಲ್ಲಿ ತಂಗಿದ್ದರು. ಊಟವಾಗಿ ಜಗುಲಿಯ ಮೇಲೆ ಕುಳಿತಿದ್ದೆವು. ಸೆಕೆ ಸಹಿಸಲಸಾಧ್ಯವಾಗಿತ್ತು, ತೆಂಗಿನ ಗರಿಯೊಂದೂ ಅಲುಗದು. ನೋಡುತ್ತಿದ್ದಂತೆಯೇ ಮೂಡಲ ದಿಕ್ಕು ಕಪ್ಪಿಟ್ಟಿತು, ಗಾಳಿ ಎದ್ದಿತು, ಅಂಗಳದಲ್ಲಿ ಟಪ್ಪೆಂದು ಏನೋ ಬಿದ್ದು ಪುಟಿಯಿತು. ಕ್ಷಣಮಾತ್ರದಲ್ಲಿ ನೂರು, ಸಾವಿರ! ನೆಲ್ಲಿಕಾಯಿಯಷ್ಟು, ಕೆಲವು ನಿಂಬೆಯಷ್ಟು ಗಾತ್ರದ ಕಲ್ಲುಗಳು. ಹೆಂಚಿನ ಮೇಲಿನ ಸದ್ದಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಿಸಲಿಲ್ಲ. ಕಾಲು ಗಂಟೆಯೊಳಗೆ ಅಂಗಳವೆಲ್ಲ ಮಲ್ಲಿಗೆ ಚೆಲ್ಲಿದಂತೆ ಬೆಳ್ಳಗಾಯಿತು.

ಕಲ್ಲು ನಿಂತು ಬರಿಯ ಮಳೆ ಉಳಿದೊಡನೆ ಮಕ್ಕಳನ್ನು ಹಿಡಿಯುವವರಾರು? ಬೋಗುಣಿ, ತಂಬಿಗೆ, ಅಜ್ಜಿಯ ಮೊರ, ಕೈಗೆ ಸಿಕ್ಕಿದುದನ್ನು ಹಿಡಿದು ಆಯ್ದು ತಂದರು. ಒಬ್ಬನು ಬಾಯಿಗೆ ಹಾಕಿಕೊಂಡನು. ಮತ್ತೊಬ್ಬನು ತಂಗಿಯ ಬೆನ್ನಿನೊಳಕ್ಕೆ ಬಿಟ್ಟು ಬೈಸಿಕೊಂಡನು. ಕಿರಿಯವನು ಎಲ್ಲಕ್ಕಿಂತ ದೊಡ್ಡದೊಂದನ್ನು ಫ್ರಿಜ್ಜಿನೊಳಗಿಟ್ಟು ಬಂದು, “ತಾತ, ಇಷ್ಟು ಸೆಕೆಯಲ್ಲಿ ಐಸು ಎಲ್ಲಿಂದ ಬಂತು?” ಎಂದು ಕೇಳಿದನು.

ನಾವು ಪ್ರಶ್ನೆ ಕೇಳಿದರೆ ಬಿಡುವವರಲ್ಲ. ಒಂದು ಕಲ್ಲನ್ನು ಕತ್ತರಿಸಿ ತೋರಿಸಿದೆವು. ಒಳಗೆ ಈರುಳ್ಳಿಯಂತೆ ಪದರ ಪದರ. ನೆಲದಲ್ಲಿ ಎಷ್ಟೇ ಬೇಗೆಯಿದ್ದರೂ ನಮ್ಮ ತಲೆಯ ಮೇಲೆ ಸುಮಾರು 4 ಕಿಲೋಮೀಟರಿಗೂ ಮೇಲೆ ನೀರು ಹೆಪ್ಪುಗಟ್ಟುವಷ್ಟು ಶೈತ್ಯ ಯಾವಾಗಲೂ ಉಂಟು. ಕಾದ ನೆಲದಿಂದೇಳುವ ಬಲವಾದ ಗಾಳಿಯು ಹನಿಗಳನ್ನು ಆ ಎತ್ತರಕ್ಕೆ ಒಯ್ಯುತ್ತದೆ. ಅಲ್ಲಿ ಹುಟ್ಟಿದ ಮಂಜಿನ ಬೀಜಕ್ಕೆ ಮೋಡದ ನೀರು ತಗಲಿ ಹೆಪ್ಪುಗಟ್ಟಿ ಪದರ ಬೆಳೆಯುತ್ತದೆ. ಗಾಳಿಯು ಹೊರಲಾರದಷ್ಟು ಭಾರವಾದಾಗ ಅದು ಕೆಳಗೆ ಬೀಳುತ್ತದೆ. ಸೆಕೆಯೇ ಆಲಿಕಲ್ಲಿನ ತಾಯಿ. ಇನ್ನೊಂದು ವಿಸ್ಮಯವೇನೆಂದರೆ, ದೊಡ್ಡ ಗುಡುಗುಮೋಡಗಳಿಂದ ನಮಗೆ ಬರುವ ಮಳೆಹನಿಗಳಲ್ಲಿ ಎಷ್ಟೋ ಮೇಲೆ ಹಿಮವಾಗಿಯೇ ಇದ್ದು, ಇಳಿಯುವ ದಾರಿಯಲ್ಲಿ ಕರಗಿ ನೀರಾದವು. ಹಾಗಾದರೆ ಹಂದನಕೆರೆಯ ಮೇಲೆಯೂ ಹಿಮ ಬೀಳುತ್ತದೆ. ನೆಲ ಮುಟ್ಟುವುದಿಲ್ಲ, ಅಷ್ಟೆ.

ಮಿತ್ರರು ನಕ್ಕು, ತಾವು ಮಗಳ ಮನೆಯಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಕಳೆದ ಒಂದು ಚಳಿಗಾಲವನ್ನು ವರ್ಣಿಸಿದರು. “ಅಲ್ಲಿ ಹಿಮ ಬೀಳುವಾಗ ಸದ್ದೇ ಇಲ್ಲ, ಮೇಷ್ಟ್ರೇ. ರಾತ್ರಿ ಮಲಗಿದ್ದು ಬೆಳಿಗ್ಗೆ ಎದ್ದರೆ ಬೀದಿ, ಮರ, ಕಾರು ಎಲ್ಲವೂ ಒಂದೇ ಬಿಳುಪು. ಬಹಳ ಬಿದ್ದ ದಿನ ಶಾಲೆಗೆ ರಜೆ. ಅಂದು ಮಕ್ಕಳದೇ ರಾಜ್ಯ” ಎಂದರು. ಹಿಮದ ಹರಳಿಗೆ ಆರು ಮೂಲೆಗಳೇಕೆಂದು ಜ್ಯೋತಿರ್ವಿದನಾದ ಕೆಪ್ಲರನು 1611ರಲ್ಲಿ ಒಂದು ಕಿರುಹೊತ್ತಗೆಯನ್ನೇ ಬರೆದನು. ಅಮೆರಿಕದ ವರ್ಮಾಂಟ್ ಸೀಮೆಯ ಬೆಂಟ್ಲಿ ಎಂಬ ರೈತನು 1885ರಲ್ಲಿ ಮೊದಲ ಬಾರಿಗೆ ಒಂಟಿ ಹಿಮಹರಳಿನ ಛಾಯಾಚಿತ್ರವನ್ನು ತೆಗೆದು, ಬಾಳಿನುದ್ದಕ್ಕೂ ಐದು ಸಾವಿರಕ್ಕೂ ಮೇಲ್ಪಟ್ಟು ತೆಗೆದನು. ಇದನ್ನು ಕೇಳಿ ಮಕ್ಕಳು ತಮ್ಮ ಕಲ್ಲುಗಳಲ್ಲಿ ಆರು ಮೂಲೆ ಹುಡುಕಿ ನಿರಾಶರಾದರು.

“ನಿಮ್ಮ ಧರ್ಮಗ್ರಂಥದಲ್ಲಿ ಹಿಮದ ಪ್ರಸ್ತಾಪವುಂಟೋ?” ಎಂದು ಕೇಳಿದೆವು. ಉಂಟಂತೆ. ಯೆರೂಸಲೇಮಿನಲ್ಲಿಯೂ ಹಿಮವು ಅಪರೂಪದ ಅತಿಥಿಯೇ. ಯಾವುದೋ ಒಂದು ಚಳಿಗಾಲದಲ್ಲಿ ಒಂದೆರಡು ದಿನ ಬಿದ್ದು ಹೋಗುತ್ತದೆ. ಆದುದರಿಂದಲೇ ದಾವೀದನ ವೀರನಾದ ಬೆನಾಯನು ಗುಂಡಿಯಲ್ಲಿ ಸಿಂಹವನ್ನು ಕೊಂದ ಸಂಗತಿಯನ್ನು ಹೇಳುವಾಗ, ಅದು ಹಿಮ ಬಿದ್ದ ದಿನವೆಂಬುದನ್ನೂ ಮರೆಯದೆ ಹೇಳಿದೆ. ತೊಳೆದ ಮನಸ್ಸಿನ ನಿರ್ಮಲತೆಗೆ ಪ್ರವಾದಿಗಳು ಹಿಮವನ್ನೇ ಹೋಲಿಕೆಯಾಗಿ ತಂದರು. ಯೋಬನ ಗ್ರಂಥದಲ್ಲಿಯಾದರೋ, ನಿರಪರಾಧಿಯಾಗಿ ಎಲ್ಲವನ್ನೂ ಕಳೆದುಕೊಂಡ ಆ ಮನುಷ್ಯನು “ನನಗೇಕೆ ಹೀಗಾಯಿತು?” ಎಂದು ಕೇಳಿದಾಗ, ದೇವರು ಬಿರುಗಾಳಿಯೊಳಗಿಂದ ಮಾತಾಡಿ, ಹಿಮದ ಉಗ್ರಾಣವನ್ನೂ ಆಲಿಕಲ್ಲಿನ ಉಗ್ರಾಣವನ್ನೂ ನೀನು ಕಂಡಿರುವೆಯಾ ಎಂದು ಮರುಪ್ರಶ್ನೆ ಹಾಕುತ್ತಾನಂತೆ.

ನಾವು ಅಮರಕೋಶವನ್ನು ನೆನೆದು, ಆಲಿಕಲ್ಲಿಗೆ ಕರಕ, ವರ್ಷೋಪಲ ಎಂಬ ಹೆಸರುಗಳುಂಟೆಂದು ಮಕ್ಕಳಿಗೆ ಹೇಳತೊಡಗಿದ್ದೆವು. ಆಗ ಹಿರಿಯ ಮೊಮ್ಮಗಳು ನಮ್ಮ ತೋಳು ಹಿಡಿದು, “ತಾತ, ಪಕ್ಕದ ಮನೆಯ ಅಜ್ಜಿ ಅಳುತ್ತಿದ್ದಾರೆ” ಎಂದಳು.

ಪಕ್ಕದಲ್ಲಿರುವಾಕೆ ಗಂಡನನ್ನು ಕಳೆದುಕೊಂಡು, ನಾಲ್ಕಾರು ಸಾಲು ತೆಂಗಿನಲ್ಲಿ ಸಂಸಾರ ತೂಗಿಸುತ್ತಿರುವ ಮುದುಕಿ. ಆಕೆಯ ಹಳೆಯ ಹೆಂಚುಗಳು ನಡುಮನೆಯ ಮೇಲೆ ಒಡೆದು ಮಳೆಯು ನೇರವಾಗಿ ಅಟ್ಟಕ್ಕೆ ಸುರಿಯುತ್ತಿತ್ತು. ಅಟ್ಟದ ಮೇಲೆ ಕಳೆದ ಶ್ರಾವಣದಲ್ಲಿ ಏರಿಸಿದ ಸುಮಾರು ಸಾವಿರದೈನೂರು ಕಾಯಿ. ಈ ಸೀಮೆಯವರಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಕಡೆಯ ವಾಚಕರಿಗಾಗಿ ಹೇಳುತ್ತೇವೆ. ತಿಪಟೂರಿನ ಮಾರುಕಟ್ಟೆಗೆ ಹೋಗುವ ಉಂಡೆಕೊಬ್ಬರಿಯು ಕಾಯಿ ಒಡೆದು ಒಣಗಿಸಿದುದಲ್ಲ. ಬಲಿತ ಕಾಯಿಯನ್ನು ಸಿಪ್ಪೆಸಹಿತ ಅಟ್ಟದಲ್ಲಿ ಎಂಟರಿಂದ ಹನ್ನೆರಡು ತಿಂಗಳು ಬೆಚ್ಚಗಿಡಬೇಕು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಕರಟವನ್ನು ಬಿಟ್ಟು ಗಿಟುಕಾಗಿ ಗುಡುಗುಡಿಸಬೇಕು. ಅಷ್ಟು ದಿನದ ತಾಳ್ಮೆಯು ಒಂದು ಸಂಜೆಯ ನೀರಿಗೆ ಬೂಸಲು ಹಿಡಿದು ಹೋಗಬಹುದು. ನಮ್ಮ ಮಕ್ಕಳು ಆಯ್ದು ಆಡಿದ ಕಲ್ಲೇ ಆಕೆಯ ಹೆಂಚನ್ನು ಒಡೆದಿತ್ತು. ಹತ್ತು ಮಾರು ದೂರದಲ್ಲಿ ಕುಳಿತು ನಾವು ಪರ್ಯಾಯಪದಗಳನ್ನು ಒಪ್ಪಿಸುತ್ತಿದ್ದೆವು! ಆ ನಾಚಿಕೆಯನ್ನು ಮರೆಮಾಚಲಾರೆವು.

ಮೊದಲು ಎದ್ದವರು ಮಿತ್ರರು. ನಮ್ಮ ಮಗನು ಏಣಿ ಹಾಕಿ ಮಾಡಿನ ಮೇಲೆ ತಾಡಪಾಲು ಹೊದಿಸಿದನು. ಸೊಸೆಯು ಅಟ್ಟವೇರಿ ಕಾಯಿ ಇಳಿಸಿಕೊಟ್ಟಳು. ಮಿತ್ರರು, ನಾವು, ಮಕ್ಕಳು, ಎದುರುಮನೆಯ ಇಬ್ಬರು ತರುಣರು ಸಾಲಾಗಿ ನಿಂತು ಕೈಯಿಂದ ಕೈಗೆ ಸಾಗಿಸಿ ನಮ್ಮ ಜಗುಲಿಗೆ ಸೇರಿಸಿದೆವು. “ಬೇಡ ಬಿಡಿ ಮೇಷ್ಟ್ರೇ, ಮಕ್ಕಳು ನೆನೀತಾವೆ” ಎಂದು ಆಕೆ ಹೇಳುತ್ತಲೇ ಇದ್ದಳು, ಮಕ್ಕಳು ಕೇಳಲಿಲ್ಲ. ಕೆಲಸ ಮುಗಿದಾಗ ರಾತ್ರಿ ಎಂಟು ಗಂಟೆ. ನೆನೆದ ಕಾಯಿಗಳನ್ನು ಬೇರೆ ಮಾಡಿ ಮರುದಿನದ ಬಿಸಿಲಿಗೆಂದು ಹರಡಿದೆವು. ಅಂಗಳದ ಬಿಳುಪೆಲ್ಲ ಎಂದೋ ಕರಗಿಹೋಗಿತ್ತು.

ಊಟಕ್ಕೆ ಕುಳಿತಾಗ ನಾವು ಮಿತ್ರರನ್ನು ಕೇಳಿದೆವು: “ಯೋಬನಿಗೆ ದೇವರು ಪ್ರಶ್ನೆಯನ್ನೇನೋ ಹಾಕಿದನು. ಉತ್ತರ?” ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಕಷ್ಟವೇಕೆ ಬಂತೆಂಬುದಕ್ಕೆ ಆ ಪುಸ್ತಕದಲ್ಲಿ ನೇರ ಉತ್ತರವಿಲ್ಲ. ಆದರೆ ಕೊನೆಯ ಅಧ್ಯಾಯದಲ್ಲಿ ಒಂದು ಮಾತುಂಟು, ಬಹಳ ಮಂದಿ ಗಮನಿಸುವುದಿಲ್ಲ. ಅವನ ಬಂಧುಗಳೂ ಪರಿಚಿತರೂ ಅವನ ಮನೆಗೆ ಬಂದರು, ಕೂಡ ಕುಳಿತು ಉಂಡರು, ದುಃಖವನ್ನು ಹಂಚಿಕೊಂಡರು. ಒಬ್ಬೊಬ್ಬರೂ ಒಂದು ಬೆಳ್ಳಿಯ ನಾಣ್ಯವನ್ನೂ ಚಿನ್ನದ ಉಂಗುರವನ್ನೂ ಕೊಟ್ಟರು. ಆಲಿಕಲ್ಲಿನ ಉಗ್ರಾಣದ ಕೀಲಿ ನಮ್ಮಲ್ಲಿಲ್ಲ, ಮೇಷ್ಟ್ರೇ. ಏಣಿ ನಮ್ಮಲ್ಲುಂಟು” ಎಂದರು.

ಯೇಸುವು ಬಿಸಿಲು ಮಳೆಗಳು ಒಳ್ಳೆಯವರು ಕೆಟ್ಟವರೆಂದು ನೋಡದೆ ಬರುವುವೆಂದು ಬೋಧಿಸಿದನೆಂಬುದನ್ನು ನಾವೂ ಕೇಳಿದ್ದೆವು. ಆಲಿಕಲ್ಲೂ ಹಾಗೆಯೇ ಭೇದವೆಣಿಸದೆ ಬೀಳುತ್ತದೆ. ಆದರೆ ಗಟ್ಟಿಯಾದ ಮಾಡಿನ ಕೆಳಗಿರುವವನಿಗೆ ಅದು ಆಟ, ಹಳೆಯ ಹೆಂಚಿನ ಕೆಳಗಿರುವವಳಿಗೆ ನಷ್ಟ. ಈ ಅಂತರವನ್ನು ಆಕಾಶವು ಮಾಡಿದುದಲ್ಲವಾದುದರಿಂದ, ಅದನ್ನು ತುಂಬುವ ಹೊಣೆಯೂ ಆಕಾಶದ್ದಲ್ಲ. ಪರೋಪಕಾರವೇ ಪುಣ್ಯವೆಂದು ನಮ್ಮ ಹಿರಿಯರು ಹೇಳಿದುದೂ ಇದನ್ನೇ.

ಆಷಾಢದಲ್ಲಿ ಆಕೆ ಕಾಯಿ ಸುಲಿಸಿದಳು. ನೂರರಷ್ಟು ಕೆಟ್ಟಿದ್ದವು, ಉಳಿದವು ಚೆನ್ನಾಗಿದ್ದವು. ಎರಡು ಗಿಟುಕುಗಳನ್ನು ಸೆರಗಿನಲ್ಲಿ ತಂದು, “ಮಕ್ಕಳಿಗೆ ಕಳಿಸಿಕೊಡಿ” ಎಂದು ನಮ್ಮ ಗೃಹಿಣಿಯ ಕೈಗಿತ್ತಳು. ಫ್ರಿಜ್ಜಿನಲ್ಲಿಟ್ಟಿದ್ದ ಆಲಿಕಲ್ಲು ಅಷ್ಟರಲ್ಲಿ ಕರೆಂಟು ಹೋಗಿ ಹೋಗಿ ನೀರಾಗಿತ್ತು. ಮೊಮ್ಮಗನಿಗೆ ಅದನ್ನು ತಿಳಿಸಲು ನಮಗೆ ಸ್ವಲ್ಪ ಅಂಜಿಕೆಯಾಯಿತು. ಫೋನಿನಲ್ಲಿ ಅವನು ಕೇಳಿದ್ದು ಬೇರೆ: “ತಾತ, ಆ ಅಜ್ಜಿಯ ಹೆಂಚು ಹಾಕಿಸಿದರಾ?”

ಹಾಕಿಸಿದೆವು. ವಾಚಕರ ಮನೆಯಂಗಳದಲ್ಲಿಯೂ ಎಂದಾದರೊಂದು ಬೇಸಿಗೆಯಲ್ಲಿ ಆಲಿಕಲ್ಲು ಬಿದ್ದೀತು. ಮಕ್ಕಳು ಧಾರಾಳವಾಗಿ ಆಯ್ದು ಆಡಲಿ; ಅಂಥ ದಿನ ಪದೇ ಪದೇ ಬಾರದು. ಹಿರಿಯರು ಮಾತ್ರ ಒಮ್ಮೆ ಎದ್ದು ನಿಂತು ನೆರೆಮನೆಯ ಮಾಡಿನ ಕಡೆಗೆ ನೋಡಲಿ.