‘ಆ ಗುಡ್ಡ ಎಲ್ಲೈತಿ?’

ಬೇಸಿಗೆ ರಜೆಗೆ ಊರಿಗೆ ಹೋಗಿದ್ದೆ. ವಿಜಯಪುರ ಜಿಲ್ಲೆಯ ನಮ್ಮೂರಿನ ಹೊಲದಲ್ಲಿ ಹಳೇ ಬಾವಿಯ ಹೂಳು ತೆಗೆಸಿ ಇನ್ನಷ್ಟು ಆಳ ಮಾಡಿಸುತ್ತಿದ್ದರು. ಮೇಲೆ ಬಂದ ಕರಿಕಲ್ಲಿನ ರಾಶಿಯಿಂದ ಒಂದು ತುಂಡು ಎತ್ತಿಕೊಂಡೆ. ಮೈತುಂಬ ಸಣ್ಣ ಸಣ್ಣ ತೂತು. ಕೆಲವದರಲ್ಲಿ ಬಿಳಿ ಹರಳು ತುಂಬಿತ್ತು.

‘ಅದರಾಗ ಏನ್ ನೋಡಾಕತ್ತೀಯೋ ತಮ್ಮಾ?’ ಮುತ್ಯಾ ಕೇಳಿದ.

‘ಇದು ಜ್ವಾಲಾಮುಖಿ ಕಲ್ಲು ಮುತ್ಯಾ. ಆರೂವರಿ ಕೋಟಿ ವರ್ಷದ ಹಿಂದ ಇಲ್ಲೆಲ್ಲಾ ಲಾವಾ ಹರದಿತ್ತು’ ಎಂದೆ ಜಂಬದಿಂದ.

ಮುತ್ಯಾ ಸುತ್ತ ಒಮ್ಮೆ ಕಣ್ಣು ಹಾಯಿಸಿದ. ಕಣ್ಣು ಹರಿಯುವಷ್ಟು ದೂರ ಸಪಾಟಾದ ಎರಿ ಹೊಲ. ‘ಹಂಗಾದ್ರ ಆ ಗುಡ್ಡ ಎಲ್ಲೈತಿ?’

ಸಿವಿಲ್ ಎಂಜಿನಿಯರಿಂಗ್ ಎರಡನೇ ವರ್ಷ ಮುಗಿಸಿದ ನನ್ನ ಹತ್ತಿರ ಉತ್ತರ ಇರಲಿಲ್ಲ. ಜಿಯಾಲಜಿ ಪೇಪರ್‌ನಲ್ಲಿ ‘ಬಸಾಲ್ಟ್’, ‘ಡೆಕ್ಕನ್ ಟ್ರ್ಯಾಪ್’ ಎಂದು ಬಾಯಿಪಾಠ ಬರೆದು ಅಂಕ ತೆಗೆದಿದ್ದೆ, ಅಷ್ಟೇ. ಇನ್ನೂ ನಾಚಿಕೆಯ ಮಾತೆಂದರೆ, ಉತ್ತರದ ಬೀಗದಕೈ ಇದ್ದದ್ದು ನಾನು ಬ್ಯಾಕ್ ಉಳಿಸಿಕೊಂಡಿದ್ದ ಫ್ಲೂಯಿಡ್ ಮೆಕ್ಯಾನಿಕ್ಸ್ ಪುಸ್ತಕದ ಮೊದಲ ಪಾಠದಲ್ಲೇ. ವಿಸ್ಕಾಸಿಟಿ, ಅಂದರೆ ದ್ರವ ಹರಿಯಲು ಒಡ್ಡುವ ತಡೆ.

ಅಂದು ರಾತ್ರಿ ಅವ್ವ ಜುಣಕ ಮಾಡುತ್ತಿದ್ದಳು. ಪಕ್ಕದ ಒಲೆಯಲ್ಲಿ ಸಾರು ಕುದಿಯುತ್ತಿತ್ತು. ಸಾರಿನಲ್ಲಿ ಗುಳ್ಳೆಗಳು ತಾವಾಗಿ ಮೇಲೆ ಬಂದು ಸುಮ್ಮನೆ ಒಡೆಯುತ್ತವೆ. ಜುಣಕದಲ್ಲಿ ಹಾಗಲ್ಲ. ಗಟ್ಟಿ ಹಿಟ್ಟಿನ ಕೆಳಗೆ ಆವಿ ಸಿಕ್ಕಿಕೊಂಡು, ಉಬ್ಬಿ, ‘ಪಚಕ್’ ಎಂದು ಮುಂಗೈಗೆ ಸಿಡಿಯುತ್ತದೆ. ಎರಡರ ಕೆಳಗೂ ಬೆಂಕಿ ಅದೇ. ಜ್ವಾಲಾಮುಖಿಗಳ ವ್ಯತ್ಯಾಸವೂ ಬಹುಪಾಲು ಇಷ್ಟೇ.

ನೆಲದೊಳಗಿನ ಕರಗಿದ ಕಲ್ಲಿಗೆ ಮ್ಯಾಗ್ಮಾ ಅನ್ನುತ್ತಾರೆ. ಅದನ್ನು ಜಿಗುಟು ಮಾಡುವುದು ಸಿಲಿಕಾ. ಸಿಲಿಕಾನ್ ಮತ್ತು ಆಮ್ಲಜನಕದ ಕಣಗಳು ಒಂದರ ಕೈ ಒಂದು ಹಿಡಿದು ಸರಪಳಿ ಕಟ್ಟುತ್ತವೆ. ಸರಪಳಿ ಉದ್ದವಾದಷ್ಟೂ ಹರಿವು ಕಷ್ಟ. ಬಸಾಲ್ಟ್ ಮ್ಯಾಗ್ಮಾದಲ್ಲಿ ಸಿಲಿಕಾ ಶೇ 50ರ ಆಸುಪಾಸು, ಶಾಖ 1,100ರಿಂದ 1,200 ಡಿಗ್ರಿ ಸೆಲ್ಸಿಯಸ್. ಅದು ಹೆಚ್ಚುಕಡಿಮೆ ಜೇನುತುಪ್ಪದ ಹಾಗೆ ಹರಿಯುತ್ತದೆ. ರಯೋಲೈಟ್ ಎಂಬ ಬಗೆಯಲ್ಲಿ ಸಿಲಿಕಾ ಶೇ 70 ದಾಟುತ್ತದೆ, ಶಾಖವೂ ಕಡಿಮೆ. ಅದರ ಜಿಗುಟುತನ ಬಸಾಲ್ಟ್‌ನದಕ್ಕಿಂತ ಹತ್ತಾರು ಲಕ್ಷ ಪಟ್ಟು ಇರಬಹುದು.

ಆದರೆ ಬರೀ ಜಿಗುಟಿದ್ದರೆ ಸಿಡಿಯುವುದಿಲ್ಲ. ಒಳಗೆ ಅನಿಲ ಬೇಕು. ಆಳದ ಒತ್ತಡದಲ್ಲಿ ನೀರಿನ ಆವಿ, ಕಾರ್ಬನ್ ಡೈಆಕ್ಸೈಡ್ ಎಲ್ಲ ಮ್ಯಾಗ್ಮಾದಲ್ಲಿ ಕರಗಿರುತ್ತವೆ, ಮುಚ್ಚಳ ತೆಗೆಯದ ಸೋಡಾ ಬಾಟಲಿಯ ಹಾಗೆ. ಮ್ಯಾಗ್ಮಾ ಮೇಲೇರಿದಂತೆ ಒತ್ತಡ ಇಳಿದು ಗುಳ್ಳೆ ಕಟ್ಟುತ್ತದೆ. ನನಗೆ ಮಜಾ ಅನ್ನಿಸಿದ್ದು ಮುಂದಿನದು. ಕರಗಿದ ನೀರು ಸಿಲಿಕಾ ಸರಪಳಿಗಳನ್ನು ಕಡಿದು ಮ್ಯಾಗ್ಮಾವನ್ನು ಸಡಿಲ ಇಟ್ಟಿರುತ್ತದೆ. ಆ ನೀರೇ ಗುಳ್ಳೆಯಾಗಿ ಹೊರಬಿದ್ದಾಗ ಉಳಿದ ದ್ರವ ಇನ್ನಷ್ಟು ಗಟ್ಟಿಯಾಗುತ್ತದೆ. ಅಂದರೆ ಅನಿಲ ಹೊರಡಲು ಅವಸರ ಮಾಡುವ ಹೊತ್ತಿಗೇ ದಾರಿ ಬಿಗಿಯುತ್ತದೆ. ಕೊನೆಗೆ ಮ್ಯಾಗ್ಮಾವೇ ಚೂರುಚೂರಾಗಿ ಹಾರುತ್ತದೆ. ನಾವು ಜ್ವಾಲಾಮುಖಿಯ ಬೂದಿ ಅನ್ನುವುದು ಒಲೆಯ ಬೂದಿಯಲ್ಲ, ಪುಡಿಯಾದ ಕಲ್ಲು ಮತ್ತು ಗಾಜು.

ಅಮೆರಿಕದ ಮೌಂಟ್ ಸೇಂಟ್ ಹೆಲೆನ್ಸ್‌ನಲ್ಲಿ ಆದದ್ದು ಇದೇ. ಅಲ್ಲಿನದು ಡೇಸೈಟ್, ಬಸಾಲ್ಟ್ ಮತ್ತು ರಯೋಲೈಟ್ ನಡುವಿನ ಜಿಗುಟು ಮ್ಯಾಗ್ಮಾ. 1980ರ ವಸಂತದಲ್ಲಿ ಅದು ಹೊರಗೆ ಹರಿಯಲಾರದೆ ಪರ್ವತದ ಉತ್ತರದ ಮಗ್ಗುಲನ್ನೇ ದಿನಕ್ಕೆ ಒಂದೂವರೆ–ಎರಡು ಮೀಟರ್‌ನಂತೆ ಹೊರಕ್ಕೆ ತಳ್ಳಿತು. ಮೇ 18ರ ಬೆಳಿಗ್ಗೆ 8.32ಕ್ಕೆ ಭೂಕಂಪವಾಗಿ ಆ ಮಗ್ಗುಲು ಕುಸಿಯಿತು. ಮುಚ್ಚಳ ತೆಗೆದಂತಾಯಿತು. ಸ್ಫೋಟ ಮೇಲಕ್ಕಷ್ಟೇ ಅಲ್ಲ, ಅಡ್ಡಕ್ಕೂ ನುಗ್ಗಿತು. 57 ಜನ ಸತ್ತರು. ಸುಮಾರು 10 ಕಿಲೊಮೀಟರ್ ದೂರದ ದಿಬ್ಬದ ಮೇಲೆ ಕಾವಲಿದ್ದ ಡೇವಿಡ್ ಜಾನ್ಸ್ಟನ್ ಅವರಲ್ಲೊಬ್ಬರು. ವಯಸ್ಸು 30, ಜ್ವಾಲಾಮುಖಿ ಅನಿಲಗಳನ್ನೇ ಅಧ್ಯಯನ ಮಾಡುತ್ತಿದ್ದ ವಿಜ್ಞಾನಿ. ನನಗಿಂತ ಹತ್ತೇ ವರ್ಷ ದೊಡ್ಡವರು ಎಂಬುದು ಓದಿದ ಮೇಲೆ ಬಹಳ ಹೊತ್ತು ತಲೆಯಲ್ಲೇ ಉಳಿಯಿತು.

ಅದೇ ಪರ್ವತದಲ್ಲಿ 2004ರಿಂದ 2008ರವರೆಗೆ ಮತ್ತೆ ಹೆಚ್ಚುಕಡಿಮೆ ಅದೇ ಬಗೆಯ ಡೇಸೈಟ್ ಮೇಲೆ ಬಂತು. ಈ ಸಲ ಅನಿಲ ಬಹುಪಾಲು ಮೊದಲೇ ಸೋರಿ ಹೋಗಿತ್ತು. ಕಲ್ಲು ನಿಧಾನಕ್ಕೆ ಮೇಲೆದ್ದು ಗುಮ್ಮಟದಂತೆ ಕುಳಿತಿತು.

ಹವಾಯಿಯ ಕಿಲಾಯುಯಾ ಬಸಾಲ್ಟ್ ಜ್ವಾಲಾಮುಖಿ. 2018ರಲ್ಲಿ ಅಲ್ಲಿ ಜನವಸತಿಯ ನಡುವೆಯೇ ನೆಲ ಬಿರಿದು ಲಾವಾ ಹರಿಯಿತು. ಸುಮಾರು 700 ಮನೆಗಳು ಹೋದವು, ಜೀವ ಒಂದೂ ಹೋಗಲಿಲ್ಲ. ಜನ ಸಾಮಾನು ಕಟ್ಟಿಕೊಂಡು ದೂರ ಸರಿಯಲು ಹೊತ್ತು ಸಿಕ್ಕಿತ್ತು.

ನಮ್ಮ ಹೊಲದ ಕಲ್ಲೂ ಇದೇ ಜಾತಿ. ಮುತ್ಯಾನ ಪ್ರಶ್ನೆಗೆ ಉತ್ತರವೂ ಅದೇ: ಗುಡ್ಡ ಇರಲೇ ಇಲ್ಲ. ಚೂಪು ತುದಿಯ ಗುಡ್ಡ ಏಳಬೇಕಾದರೆ ಮ್ಯಾಗ್ಮಾ ಬಾಯಿಯ ಹತ್ತಿರವೇ ಗಟ್ಟಿಯಾಗಬೇಕು, ಇಲ್ಲವೇ ಚೂರಾಗಿ ಸುತ್ತ ಬೀಳಬೇಕು. ಇಲ್ಲಿ ಉದ್ದುದ್ದ ಬಿರುಕುಗಳಿಂದ ಹೊರಬಂದ ತೆಳು ಲಾವಾ ಹಾಸಿನ ಮೇಲೆ ಹಾಸಾಗಿ ಹರಡಿತು. ಇಂದು ಉಳಿದಿರುವುದೇ ಸುಮಾರು 5 ಲಕ್ಷ ಚದರ ಕಿಲೊಮೀಟರ್. ನಮ್ಮ ಗೋಳಗುಮ್ಮಟ ಎದ್ದದ್ದೂ ಈ ಕಲ್ಲಿನಿಂದಲೇ.

ಹಾಗಂತ ಸಿಡಿಯದ ಜ್ವಾಲಾಮುಖಿ ಸಾಧು ಎಂದುಕೊಳ್ಳಬೇಡಿ. 1783ರಲ್ಲಿ ಐಸ್‌ಲ್ಯಾಂಡ್‌ನ ಲಾಕಿ ಎಂಬಲ್ಲಿ ಇದೇ ರೀತಿ ಬಿರುಕಿನಿಂದ ಬಸಾಲ್ಟ್ ಹರಿದಾಗ, ಅದರ ವಿಷಾನಿಲಕ್ಕೆ ಹುಲ್ಲು ಕೆಟ್ಟು ದನ, ಕುರಿ ಸತ್ತವು. ಆಮೇಲೆ ಬಂದ ಬರಗಾಲಕ್ಕೆ ಆ ದೇಶದ ಸುಮಾರು ಐದರಲ್ಲೊಂದು ಪಾಲು ಜನ ಬಲಿಯಾದರು. ಡೆಕ್ಕನ್ ಲಾವಾದ ಅನಿಲಕ್ಕೂ ಡೈನೊಸಾರ್‌ಗಳ ಅಳಿವಿಗೂ ಎಷ್ಟು ನಂಟು ಎಂಬ ವಾದ ವಿಜ್ಞಾನಿಗಳ ನಡುವೆ ಇನ್ನೂ ನಡೆದೇ ಇದೆ.

ಮರುದಿನ ಇದನ್ನೆಲ್ಲ ಮುತ್ಯಾನಿಗೆ ಹೇಳಿದೆ. ಜುಣಕದ ಉದಾಹರಣೆಗೆ ನಕ್ಕ. ತೂತುಗಳು ಆಗ ಹೊರಬೀಳುತ್ತಿದ್ದ ಅನಿಲದ ಗುಳ್ಳೆಗಳು, ಲಾವಾ ಆರುವಾಗ ಹಾಗೇ ಉಳಿದವು ಎಂದೆ. ಕಲ್ಲನ್ನು ಕೈಯಲ್ಲಿ ತಿರುಗಿಸಿ ನೋಡಿದ.

‘ಅಂದ್ರ ಕಲ್ಲು ಉಸುರು ಬಿಟ್ಟ ಜಾಗಾ ಇವು’ ಎಂದು ಅದನ್ನು ಒಯ್ದು ಬಾವಿಯ ಕಟ್ಟೆಯ ಸಂದಿಗೆ ಇಟ್ಟ.

ನನ್ನ ಬ್ಯಾಕ್ ಪೇಪರ್ ಮುಂದಿನ ತಿಂಗಳಿದೆ.